ಆಲೆಮನೆಯಿಂದ ಬಂದ ಯೆಜ್ಡಿ

ಈ ಹಳೇ ಯೆಜ್ಡಿ ಬೈಕಿನ ಲಿವರ್ ನೋಡಿ. ಎಡಗಡೆ ಇದೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಇದು ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಇದೇ ಗೇರ್. ಎರಡು ಕೆಲಸ, ಕಬ್ಬಿಣ ಒಂದೇ. ಈಗಿನ ಹುಡುಗರ ಕೈಗೆ ಈ ಗಾಡಿ ಕೊಟ್ಟರೆ ಮೊದಲು ಬಲಗಡೆ ಬಗ್ಗಿ ಕಿಕ್ಕರ್ ಹುಡುಕುತ್ತಾರೆ.

ನಮಸ್ಕಾರ. ಇದು ಮೈಸೂರಿನ ನಮ್ಮ ಮನೆ ಗ್ಯಾರೇಜು. ಗ್ಯಾರೇಜ್ ಅಂದರೆ ದೊಡ್ಡದೇನಲ್ಲ, ಕಾರು ನಿಲ್ಲಬೇಕಾದ ಜಾಗ. ಕಾರು ಈಗ ಬೀದಿಯಲ್ಲಿದೆ. ಅದರ ಬಗ್ಗೆ ಮನೆಯವರ ಅಭಿಪ್ರಾಯ ಈ ವಿಡಿಯೋದಲ್ಲಿ ಬೇಡ.

ಗಾಡಿ ಯೆಜ್ಡಿ 250. ಹುಟ್ಟಿದ್ದು ಇದೇ ಊರಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ ಕಾರ್ಖಾನೆ ಅದು. ಮೊದಲು ಚೆಕ್ ದೇಶದ ಜಾವಾ ಹೆಸರಲ್ಲೇ ಗಾಡಿಗಳು ಬರುತ್ತಿದ್ದವು. 1973ರಿಂದ ಯೆಜ್ಡಿ ಅಂತಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ಕೆಲಸ ಮಾಡಿದವರು ಊರು ಬಿಟ್ಟು ಹೋಗಲಿಲ್ಲವಲ್ಲ. ಬೇರೆ ಊರಿನವರು ಹಳೇ ಗಾಡಿ ರಿಪೇರಿಗೆ ಮೊಬೈಲ್ ನೋಡಿಕೊಂಡು ಕೂರುತ್ತಾರೆ. ನಾನು ಎರಡು ಬೀದಿ ದಾಟಿ ಒಬ್ಬ ಯಜಮಾನರ ಮನೆ ಬೆಲ್ ಒತ್ತುತ್ತೇನೆ. ಕಾರ್ಖಾನೆಯಲ್ಲಿ ಗಾಡಿ ಜೋಡಿಸುವ ಕಡೆ ಇದ್ದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಯಜಮಾನರು ಅಂತಲೇ ಕರೆಯೋಣ.

ಗಾಡಿ ಸಿಕ್ಕಿದ್ದು ಪಾಂಡವಪುರದ ಹತ್ತಿರ, ಒಂದು ಆಲೆಮನೆಯ ಹಿಂದಿನ ಶೆಡ್ಡಿನಲ್ಲಿ. ಮೇಲೆಲ್ಲ ಒಲೆ ಬೂದಿ. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಇಲಿ ಗೂಡು, ಕಬ್ಬಿನ ಸೋಗೆ ಸೀಳಿ ಸೀಳಿ ಹಾಸಿಕೊಂಡಿತ್ತು. ಒಂದು ಮಾತು ಮಾತ್ರ ಹೇಳುತ್ತೇನೆ: ಇಂಥ ಗಾಡಿ ತಗೊಳ್ಳುವಾಗ ಎಂಜಿನ್ ನೋಡುವ ಮೊದಲು ಆರ್‌ಸಿ ನೋಡಿ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಉಜ್ಜಿ, ಟಾರ್ಚ್ ಹಾಕಿ, ಆರ್‌ಸಿ ಜೊತೆ ಹೋಲಿಸಿ. ಎಂಜಿನ್ ಹಾಳಾಗಿದ್ದರೆ ಸರಿ ಮಾಡಬಹುದು. ನಂಬರ್ ತಾಳೆ ಆಗದಿದ್ದರೆ ನಿಮ್ಮ ಹತ್ತಿರ ಇರೋದು ಗಾಡಿ ಅಲ್ಲ, ಗುಜರಿ.

ಈಗ ಎಂಜಿನ್. ಪಿಸ್ಟನ್ ಜಾಮ್ ಆಗಿತ್ತು. ಇಂಥ ಹೊತ್ತಲ್ಲಿ ಲಿವರ್ ಮೇಲೆ ನಿಂತು ಕುಣಿಯುವವರನ್ನು ನೋಡಿದ್ದೇನೆ. ಬೇಡ. ಸ್ಪಾರ್ಕ್ ಪ್ಲಗ್ ತೂತಿನಿಂದ ಡೀಸೆಲ್ ಸುರಿದು ಸುಮ್ನೆ ಇರಬೇಕು. ದಿನಕ್ಕೊಮ್ಮೆ ಹಿಂದಿನ ಚಕ್ರ ಹಿಡಿದು, ಗೇರ್‌ನಲ್ಲಿ ಇಟ್ಟು, ಮೆಲ್ಲಗೆ ಅಲ್ಲಾಡಿಸಬೇಕು. ಜಾಮ್ ಬಿಡುವಾಗ ಪಿಸ್ಟನ್ ಸದ್ದೇ ಮಾಡುವುದಿಲ್ಲ. ಚಕ್ರ ಕೊಂಚ ಜಾಸ್ತಿ ತಿರುಗಿತಲ್ಲ ಅನ್ನಿಸುತ್ತದೆ, ಅಷ್ಟೇ.

ಬ್ಯಾರೆಲ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಎತ್ತಿ ಪಿಸ್ಟನ್ ತಲೆಯ ಕಾರ್ಬನ್ ಕೆರೆದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. 0.50 ಅಂತ ಕೆತ್ತಿದೆ. ಕಂಪನಿಯಿಂದ ಬಂದಾಗ ಬೋರ್, ಅಂದರೆ ಬ್ಯಾರೆಲ್ ಒಳಗಿನ ಅಗಲ, 65 ಮಿಲಿಮೀಟರ್. ಅದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಇದು. ಅಂದರೆ ಈ ಬ್ಯಾರೆಲ್ ಈಗಾಗಲೇ ಲೇತ್ ಮುಖ ನೋಡಿದೆ, ಒಳಗೆ ಕೊರೆದು ಅಗಲ ಮಾಡಿದ್ದಾರೆ. ಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರುಗಳಿದ್ದವು, ಹಾಗಾಗಿ 0.75ಕ್ಕೆ ಹೋಗಬೇಕಾಯಿತು. ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬೋರ್ ಮಾಡಿಸಲು ಹೋಗಿ. ಪಿಸ್ಟನ್ ಅಳತೆಗೆ ಬೋರ್ ಆಗಬೇಕು. ಪೆಟ್ಟಿಗೆ ಮೇಲೆ ಬರೆದ ನಂಬರ್ ನಂಬಿ ಬೋರ್ ಮಾಡಿಸಿದರೆ ಮತ್ತೆ ಜಾಮ್.

ಇನ್ನೊಂದು. ಟು-ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಕೂರುವ ಗ್ರೂವ್‌ನಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ರಿಂಗಿನ ಎರಡು ತುದಿಯೂ ಆ ಪಿನ್ನಿನ ಅಕ್ಕಪಕ್ಕವೇ ಕೂರಬೇಕು. ರಿಂಗ್ ತಿರುಗಿ ಅದರ ಬಾಯಿ ಪೋರ್ಟಿನ, ಅಂದರೆ ಬ್ಯಾರೆಲ್ ಗೋಡೆಯ ಕಿಂಡಿಯ, ಎದುರು ಬಂದರೆ ತುದಿ ಸಿಕ್ಕಿಕೊಂಡು ಮುರಿಯುತ್ತದೆ. ಅದಕ್ಕೇ ಈ ಪಿನ್ನು.

ಯಜಮಾನರು ಬಂದ ದಿನ ಎಂಜಿನ್ ಕಡೆ ನೋಡಲೇ ಇಲ್ಲ. ಇಳಿಸಿಟ್ಟಿದ್ದ ಗೇರ್ ಆಯಿಲ್ ಡಬ್ಬಿಗೆ ಬೆರಳು ಅದ್ದಿ ಮೂಗಿಗೆ ಹಿಡಿದರು.

"ಪೆಟ್ರೋಲ್ ವಾಸನೆ ಬರ್ತಿದೆ ನೋಡಪ್ಪಾ. ಎಡಗಡೆ ಕ್ರ್ಯಾಂಕ್ ಸೀಲ್ ಹೋಗಿದೆ."

"ಬಿಚ್ಚದೇನೇ ಹೇಳ್ತೀರಲ್ಲಾ ಸಾರ್?"

"ಬಿಚ್ಚಿ ನೋಡು, ಆಮೇಲೆ ಮಾತಾಡೋಣ."

ಬಿಚ್ಚಿದೆ. ಸೀಲ್ ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಸುತ್ತ ಸೋರದಂತೆ ತಡೆಯುವ ಬಳೆ. ಅದರ ರಬ್ಬರ್ ಒಣಗಿ ಹಪ್ಪಳದ ಹಾಗೆ ಪುಡಿಯಾಯಿತು. ಎಡಗಡೆ ಸೀಲಿನ ಆಚೆ ಬದಿಗೆ ಪ್ರೈಮರಿ ಚೈನು, ಕ್ಲಚ್ಚು, ಅವುಗಳ ಆಯಿಲ್. ಸೀಲ್ ಹೋದರೆ ಆ ಆಯಿಲ್ ಕ್ರ್ಯಾಂಕ್ ಕೇಸಿಗೆ ಎಳೆದುಕೊಂಡು ಉರಿಯುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಗೇರ್ ಆಯಿಲ್ ಲೆವೆಲ್ ದಿನೇ ದಿನೇ ಕಮ್ಮಿ. ಬಲಗಡೆ ಸೀಲ್ ಹೋದರೆ ಕಥೆ ಬೇರೆ. ಅಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ಕಾರ್ಬ್ಯುರೇಟರ್ ಸರಿ ಇಲ್ಲ ಅಂತ ಜನ ಸ್ಕ್ರೂ ತಿರುಗಿಸುತ್ತಾ ಕೂರೋದು ಎಷ್ಟೋ ಸಲ ಇದೇ ಸೀಲಿಗೆ.

ಟ್ಯಾಂಕಿನ ತುಕ್ಕು, ಟೈರು, ಬ್ರೇಕ್ ಶೂ, ಕೇಬಲ್‌ಗಳು, ಈ ಭಾಗದ ವಿಡಿಯೋ ಎಲ್ಲ ಬೇಗ ಓಡಿಸುತ್ತೇನೆ, ಅದರಲ್ಲಿ ವಿಶೇಷವಿಲ್ಲ. ಎರಡು ಎಚ್ಚರಿಕೆ ಮಾತ್ರ. ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆಯಲು ಕಾಸ್ಟಿಕ್ ಸೋಡಾ ಬಳಸುತ್ತಾರೆ, ಸರಿ. ಆದರೆ ಅದೇ ನೀರಿಗೆ ಅಲ್ಯೂಮಿನಿಯಂ ಭಾಗ ಹಾಕಬೇಡಿ, ತಿಂದು ಹಾಕುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಇನ್ನು ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಅದು ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿಡಿ.

ನನಗೆ ಇಡೀ ಕೆಲಸದಲ್ಲಿ ಇಷ್ಟವಾಗಿದ್ದು ಟೈಮಿಂಗ್, ಅಂದರೆ ಕಿಡಿ ಯಾವ ಕ್ಷಣಕ್ಕೆ ಹುಟ್ಟಬೇಕು ಅಂತ ಹೊಂದಿಸೋದು. ಬಲಗಡೆ ಕವರ್ ಬಿಚ್ಚಿದರೆ ಡೈನಮೋ, ಅಲ್ಲೇ ಪಾಯಿಂಟ್ಸ್, ತೆರೆದಾಗ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್. ಗ್ಯಾಪ್ 0.4 ಮಿಲಿಮೀಟರ್. ಆಮೇಲೆ ಪಾಯಿಂಟ್ಸ್ ಮಧ್ಯೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ. ಪ್ಲಗ್ ತೂತಿಗೆ ಪಿಸ್ಟನ್ ಎಲ್ಲಿದೆ ಅಂತ ಅಳೆಯುವ ಡಯಲ್ ಗೇಜ್. ಕ್ರ್ಯಾಂಕ್ ಮೆಲ್ಲಗೆ ತಿರುಗಿಸುತ್ತಾ ಹಾಳೆಯನ್ನು ಹಗುರವಾಗಿ ಎಳೆಯುತ್ತಿರಿ. ಪಿಸ್ಟನ್ ಮೇಲೆ ಮುಟ್ಟುವ ಮೊದಲು, ಸರಿಯಾದ ಜಾಗದಲ್ಲಿ, ಹಾಳೆ ಜಾರಿ ಕೈಗೆ ಬರಬೇಕು. ಕಿಡಿ ಹುಟ್ಟೋದು ಆ ಕ್ಷಣಕ್ಕೆ. ಯಜಮಾನರು ಗೇಜ್ ಇಲ್ಲದೆ, ಒಂದು ಸ್ಕ್ರೂಡ್ರೈವರ್ ಹಿಡಿದು ಇದನ್ನೇ ಮಾಡಿದರು. ಆಮೇಲೆ ನಾನು ಗೇಜ್ ಇಟ್ಟು ನೋಡಿದೆ. ಏನೂ ಮಾತಾಡಲಿಲ್ಲ.

ಈಗ ಎಲ್ಲರೂ ಕೇಳುತ್ತಿರುವ ವಿಷಯ, ಕಸ್ಟಮ್, ಅಂದರೆ ಗಾಡಿಯನ್ನು ನಮಗೆ ಬೇಕಾದ ರೂಪಕ್ಕೆ ಬದಲಾಯಿಸೋದು. ಸ್ನೇಹಿತರು ಒಬ್ಬೊಬ್ಬರು ಒಂದೊಂದು ಹೇಳಿದರು. ಹಿಂದಿನ ಮಡ್‌ಗಾರ್ಡ್ ಕತ್ತರಿಸು, ಚಾಸಿ ಗಿಡ್ಡ ಮಾಡು, ಹೀಗೆ ಕತ್ತರಿಸಿ ಚಿಕ್ಕದು ಮಾಡಿದ ಬಾಬರ್ ಶೈಲಿಯ ಬೈಕ್ ಮಾಡು. ನನ್ನ ನಿಯಮ ಒಂದೇ: ಗ್ರೈಂಡರ್ ಮುಟ್ಟೋದಿಲ್ಲ. ಸ್ಪ್ಯಾನರ್ ಹಿಡಿದು ಹಾಕಿದ್ದು ಸ್ಪ್ಯಾನರ್ ಹಿಡಿದು ತೆಗೆಯುವಂತಿರಬೇಕು. ಹೊಸದಾಗಿ ಇಂಥ ಚಾಸಿ ಮಾಡಿಕೊಡುವ ಕಾರ್ಖಾನೆ ಯಾದವಗಿರಿಯಲ್ಲಿ ಈಗ ಇಲ್ಲ. ಒಂದು ಕತ್ತರಿಸಿದರೆ ಒಂದು ಕಮ್ಮಿ ಆಯಿತು, ಅಲ್ವಾ?

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಬಣ್ಣ ಬದಲಾದರೆ ಅದೂ ಆರ್‌ಸಿಯಲ್ಲಿ ನಮೂದಾಗಬೇಕು. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಲೇಬೇಕು. ಅಲ್ಲಿ ಬಾಬರ್ ನಡೆಯೋದಿಲ್ಲ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಹ್ಯಾಂಡಲ್ ಸ್ವಲ್ಪ ತಗ್ಗಿನದು, ಹಳೆಯದು ಅಟ್ಟದ ಮೇಲಿದೆ. ಸೀಟ್ ಫೋಮ್ ಕೆತ್ತಿಸಿ ಕಂದು ರೆಕ್ಸಿನ್ ಹೊಲಿಸಿದೆ, ಅಡಿಯ ತಗಡು ಮೂಲದ್ದೇ. 6 ವೋಲ್ಟ್ ಡೈನಮೋ ಬಿಚ್ಚಿಟ್ಟು 12 ವೋಲ್ಟ್ ಕಿಟ್ ಕೂರಿಸಿದೆ. 6 ವೋಲ್ಟಿನಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿದರೆ ಎದುರಿನವರಿಗೆ ನಾವು ಕಾಣಬಹುದು, ನಮಗೆ ರಸ್ತೆ ಕಾಣಲ್ಲ. ಸೈಲೆನ್ಸರ್ ಎರಡೂ ಮೂಲದ ಮಾದರಿಯೇ. ಈ ಗಾಡಿಯ ಸದ್ದಿಗಿಂತ ಒಳ್ಳೆ ಸದ್ದು ಅಂಗಡಿಯಲ್ಲಿ ಸಿಗೋದಿಲ್ಲ.

ಟ್ಯಾಂಕಿಗೆ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟು-ಟಿ, ಅಂದರೆ ಟು-ಸ್ಟ್ರೋಕ್ ಎಂಜಿನ್ನಿನ, ಆಯಿಲ್ ಬೆರೆಸಿ ಉತ್ತನಹಳ್ಳಿ ರಸ್ತೆಗೆ ಹೊರಟೆವು. ಹೊಸ ಬೋರ್, ಹಾಗಾಗಿ ಜಾಸ್ತಿ ಎಳೆಯುವಂತಿಲ್ಲ. ಹಿಂದಿನ ಸೀಟಿನಲ್ಲಿ ಯಜಮಾನರು. ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ. ವಾಪಸ್ ಬಂದು ಇಳಿದ ಮೇಲೆ ಹೆಡ್‌ಲೈಟ್ ಮುಂದೆ ನಿಂತರು.

"ಗಾಡಿ ಸರಿಯಾಗಿದೆ. ಈ ಬಿಳಿ ಲೈಟ್ ಏನಪ್ಪಾ, ಟ್ಯೂಬ್‌ಲೈಟ್ ಇದ್ದ ಹಾಗೆ?"

ಎಲ್ಇಡಿ ತೆಗೆದು ಹಳದಿ ಬಲ್ಬ್ ಹಾಕಿದ್ದೇನೆ. ಹೆಡ್‌ಲೈಟ್ ರಿಂಗಿಗೆ ಇರೋದು ಒಂದೇ ಸ್ಕ್ರೂ.