ಮೊದಲು ತೂತು ಮುಚ್ಚಿ

ಕೇಳುಗರಿಗೆಲ್ಲ ನಮಸ್ಕಾರ. ಇಲಿ ಕಾಟದ ಬಗ್ಗೆ ಮಾತು ತೆಗೆದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ "ಯಾವ ಪಾಷಾಣ ಒಳ್ಳೇದು ಸಾರ್?" ನಾನು ಈ ಕೆಲಸಕ್ಕೆ ಸೇರಿದ ದಿನದಿಂದಲೂ ಇದೇ ಪ್ರಶ್ನೆ, ನನ್ನ ಉತ್ತರವೂ ಅದೇ. ಪಾಷಾಣ ಆಮೇಲೆ. ಮೊದಲು ತೂತು ಮುಚ್ಚಿ.

ಎಷ್ಟು ದೊಡ್ಡ ತೂತು ಅಂತೀರಾ? ಪೆನ್ಸಿಲ್ ತೂರುವ ಸಂದಿ ಇದ್ದರೆ ಚಿಟ್ಟಿಲಿ ಒಳಗೆ ಬರುತ್ತದೆ. ಹೆಬ್ಬೆರಳು ಹೋಗುವಷ್ಟಿದ್ದರೆ ದೊಡ್ಡಿಲಿಗೂ ದಾರಿ ಸಿಕ್ಕ ಹಾಗೆ. ತಲೆ ತೂರಿದರೆ ಮುಗೀತು, ಮೈಯನ್ನು ಹೇಗೋ ಎಳೆದುಕೊಳ್ಳುತ್ತದೆ.

ಹಾಸನದ ಕಡೆ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಅಮ್ಮ ಹೇಳಿದರು, "ಎರಡು ತಿಂಗಳಲ್ಲಿ ಹನ್ನೊಂದು ಇಲಿ ಬೋನಿಗೆ ಬಿದ್ದಿವೆ ಸಾರ್, ಆದರೂ ರಾತ್ರಿ ಪಾತ್ರೆ ಸದ್ದು ನಿಂತಿಲ್ಲ." ಮನೆ ಕೊಳಕು ಅಂತ ಹೇಳುವ ಹಾಗೇ ಇರಲಿಲ್ಲ. ಅಕ್ಕಿ, ರಾಗಿ ಎಲ್ಲ ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿ. ಮುಸುರೆ ಪಾತ್ರೆ ಒಂದೂ ಇಲ್ಲ. ಹಾಗಾದರೆ ಎಲ್ಲಿಂದ ಬರುತ್ತಿವೆ? ನಾನು ಅವರಿಗೆ ಒಂದು ಕೆಲಸ ಹೇಳಿದೆ. ಮಲಗುವ ಮುಂಚೆ ಅಡುಗೆಮನೆ ಗೋಡೆಯ ಬುಡದ ಉದ್ದಕ್ಕೂ ನುಣ್ಣನೆ ರಂಗೋಲಿ ಪುಡಿ ಉದುರಿಸಿ. ಯಾಕೆ ಗೋಡೆ ಬುಡ? ಇಲಿ ಗೋಡೆಗೆ ಮೈ ಒತ್ತಿಕೊಂಡೇ ಓಡಾಡುವ ಪ್ರಾಣಿ.

ಬೆಳಗ್ಗೆ ಹೋಗಿ ನೋಡಿದರೆ ಕೆಂಪು ನೆಲದ ಮೇಲೆ ಬಿಳಿ ಪುಡಿಯಲ್ಲಿ ಎಲ್ಲ ಬರೆದಿಟ್ಟ ಹಾಗಿತ್ತು. ಪುಟ್ಟ ಪುಟ್ಟ ಹೆಜ್ಜೆ, ನಡುವೆ ದಾರ ಎಳೆದಂತೆ ಬಾಲದ ಗೀಟು. ಆ ಗೀಟು ಹಿಡಿದು ಹೋದೆವು. ಗ್ಯಾಸ್ ಸಿಲಿಂಡರ್ ಹಿಂದೆ, ಅಲ್ಲಿಂದ ಸಿಂಕಿನ ಕೆಳಗೆ. ಎರಡಿಂಚಿನ ಪೈಪಿಗೆ ಕೈ ಹೋಗುವಷ್ಟು ದೊಡ್ಡ ತೂತು ಕೊರೆದಿದ್ದರು, ಅದಕ್ಕೆ ಹಳೇ ಬಟ್ಟೆ ತುರುಕಿದ್ದರು. ತೂತಿನ ಅಂಚೆಲ್ಲ ಕಪ್ಪಗೆ, ಜಿಡ್ಡು ಜಿಡ್ಡು. ದಿನಾ ಮೈ ಉಜ್ಜಿ ಉಜ್ಜಿ ಆದ ಕಲೆ ಅದು. ಬಟ್ಟೆ ಎಳೆದರೆ ಅರ್ಧವೇ ಬಂತು. ಉಳಿದರ್ಧ ಚೂರು ಚೂರಾಗಿ ಕಪಾಟಿನ ಹಿಂದೆ ಗೂಡಾಗಿತ್ತು, ಒಳಗೆ ಇನ್ನೂ ಕಣ್ಣು ಬಿಡದ ಏಳು ಮರಿ.

ನೋಡಿ, ಇಲಿ ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ. ಎರಡು ಮೂರು ತಿಂಗಳಿಗೆ ಆ ಮರಿಗಳೂ ಮರಿ ಹಾಕುತ್ತವೆ. ಬೋನಿನಲ್ಲಿ ಒಂದೊಂದೇ ಹಿಡಿದು ಮುಗಿಸೋಕೆ ಆಗುತ್ತಾ? ಬಾಗಿಲು ತೆರೆದಿಟ್ಟು ನೊಣ ಓಡಿಸಿದ ಹಾಗೆ.

ಬಟ್ಟೆ, ಥರ್ಮಾಕೋಲ್, ಮರದ ತುಂಡು ಯಾವುದೂ ನಿಲ್ಲುವುದಿಲ್ಲ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದು ಕಡಿಯಲೇಬೇಕು. ಪಾತ್ರೆ ಉಜ್ಜುವ ಸ್ಟೀಲ್ ನಾರು ಗಟ್ಟಿಯಾಗಿ ತುರುಕಿ, ಮೇಲೆ ಸಿಮೆಂಟ್ ಮೆತ್ತಿ. ಆ ಮನೆಯಲ್ಲಿ ಅಷ್ಟೇ ಮಾಡಿದ್ದು. ಒಳಗೆ ಉಳಿದಿದ್ದ ಎರಡು ದೊಡ್ಡವು ನಾಲ್ಕು ದಿನದಲ್ಲಿ ಬೋನಿಗೆ ಬಿದ್ದವು. ಪಾತ್ರೆ ಸದ್ದು ನಿಂತಿತು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೋನು ಇಟ್ಟ ದಿನವೇ ಇಲಿ ಬೀಳಲಿಲ್ಲ ಅಂತ ಬೇಜಾರಾಗಬೇಡಿ. ಹೊಸ ವಸ್ತು ಕಂಡರೆ ಅದಕ್ಕೆ ಹೆದರಿಕೆ. ಎರಡು ಮೂರು ದಿನ ಬೋನನ್ನು ತೆರೆದೇ ಇಟ್ಟು ಸುಟ್ಟ ಕೊಬ್ಬರಿ ತಿನ್ನಲು ಬಿಡಿ, ಆಮೇಲೆ ಹೂಡಿ. ಜಿಂಕ್ ಫಾಸ್ಫೈಡ್ ಪಾಷಾಣವನ್ನು ಮನೆಯೊಳಗೆ ತರಲೇಬೇಡಿ, ಮಕ್ಕಳಿರುವ ಮನೆ ಅಲ್ವಾ? ಅದನ್ನು ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಮುಟ್ಟುವುದೂ ಇಲ್ಲ. ಬಚ್ಚಲ ಮೋರಿಗೆ ಕಬ್ಬಿಣದ ಜಾಲರಿ ಹಾಕಿಸಿ. ಹೆಂಚಿಗೆ ತಾಗುವ ಕೊಂಬೆ ಕಡಿಸಿ. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ಬ್ಲೀಚಿಂಗ್ ಪೌಡರಿನ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇಲಿಜ್ವರದ ಬಗ್ಗೆ ನಾನು ಹೇಳಬೇಕಾಗಿಲ್ಲ. ಇಲಿಯ ಉಚ್ಚೆ ಸೇರಿದ ನೀರಿನಿಂದ ಬರುವ ಕಾಯಿಲೆ ಅದು. ಕಾಲಲ್ಲಿ ಗಾಯ ಇದ್ದಾಗ ಗದ್ದೆ ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡದಲ್ಲಿ ಜಾಸ್ತಿ ನೋವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಇವತ್ತು ಸಂಜೆ ಮಕ್ಕಳ ಕೈಯಿಂದ ಒಂದು ಪೆನ್ಸಿಲ್ ತಗೊಂಡು ಹಿತ್ತಿಲ ಬಾಗಿಲ ಕೆಳಗೆ ಉರುಳಿಸಿ. ಆಚೆ ಹೋಯಿತಾ? ನಾಳೆಯೇ ಬಡಗಿಯನ್ನು ಕರೆದು ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಸಿ. ನಮಸ್ಕಾರ.