ಯಾರೂ ತರಿಸದ ಪಿಜ್ಜಾ

ಕೇಳುಗರಿಗೆ ನಮಸ್ಕಾರ.

ರಾತ್ರಿ ಬೆಲ್ ಆಗುತ್ತದೆ. ಬಾಗಿಲು ತೆಗೆದರೆ ಪಿಜ್ಜಾ ತಂದ ಹುಡುಗ. ಮನೆಯಲ್ಲಿ ಯಾರೂ ಆರ್ಡರ್ ಮಾಡಿಲ್ಲ. ನಿಮ್ಮ ನಮ್ಮ ಮನೆಯಲ್ಲಾದರೆ ವಿಳಾಸ ತಪ್ಪಿರಬೇಕು ಅಂತ ಸುಮ್ನಾಗುತ್ತೇವೆ, ಅಲ್ವಾ? ಅಮೆರಿಕದಲ್ಲಿ ಇತ್ತೀಚೆಗೆ ಹಲವು ನ್ಯಾಯಾಧೀಶರ ಮನೆಗೆ ಹೀಗೆ ಪಿಜ್ಜಾ ಬಂದಿದೆ. ಕೆಲವು ಆರ್ಡರ್‌ಗಳು ಡೇನಿಯಲ್ ಆಂಡರ್ಲ್ ಎಂಬ ಹೆಸರಿನಲ್ಲಿದ್ದವು.

ಡೇನಿಯಲ್ ಬದುಕಿಲ್ಲ. ನ್ಯೂಜೆರ್ಸಿಯ ಫೆಡರಲ್, ಅಂದರೆ ಕೇಂದ್ರದ ಕೋರ್ಟಿನ, ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಒಬ್ಬನೇ ಮಗ ಅವನು. ವಯಸ್ಸು ಬರೀ 20. 2020ರ ಜುಲೈ 19, ಭಾನುವಾರ. ಕೊರಿಯರ್ ವೇಷದಲ್ಲಿ ಒಬ್ಬ ಬಂದ. ಬಾಗಿಲಿಗೆ ಬಂದ ಹುಡುಗನಿಗೆ ಗುಂಡು ಹೊಡೆದ. ತಂದೆಗೂ ಗುಂಡು ತಗುಲಿತು. ತಾಯಿ ಆಗ ನೆಲಮಾಳಿಗೆಯಲ್ಲಿದ್ದರು. ಕೊಂದವನು ಒಬ್ಬ ವಕೀಲ. ಅವನ ಕೇಸೊಂದು ಸಲಾಸ್ ಅವರ ಮುಂದಿತ್ತು.

ಈಗ ಆ ಪಿಜ್ಜಾ ಏನು ಹೇಳುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ಸತ್ತ ಮಗನ ಹೆಸರನ್ನು ಹೀಗೆ ಬಳಸುವ ಕ್ರೌರ್ಯ ನೆನೆದರೆ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಬೆದರಿಕೆಗಳನ್ನು ಅಧ್ಯಯನ ಮಾಡಿದವರು ಜನರನ್ನು ಎರಡು ಬಗೆಯಾಗಿ ನೋಡುತ್ತಾರೆ. ಊಳಿಡುವವರು, ಬೇಟೆಗೆ ಹೊರಟವರು. ಊಳಿಡುವವರು ಪತ್ರ ಬರೆಯುತ್ತಾರೆ, ಫೋನಿನಲ್ಲಿ ಕೂಗಾಡುತ್ತಾರೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಬೇಟೆಗಾರ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ವಿಳಾಸ ಹುಡುಕುತ್ತಾನೆ, ಹೋಗಿ ಬರುವ ಹೊತ್ತು ನೋಡಿಕೊಳ್ಳುತ್ತಾನೆ. ಹಾಗಾಗಿ ಬೈಗುಳ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಆ ಮನುಷ್ಯ ಏನು ಮಾಡುತ್ತಿದ್ದಾನೆ ಅನ್ನುವುದು ಮುಖ್ಯ. ಹಾಗಂತ ಕೂಗಾಟವನ್ನು ಕಡೆಗಣಿಸುವಂತಿಲ್ಲ. ಮಕ್ಕಳ ಹೆಸರು ಹಿಡಿದು ಬಂದ ಪತ್ರ ಓದಿ, ಮರುದಿನ ಅದೇ ಕೇಸಿನ ತೀರ್ಪು ಬರೆಯುವುದು ಎಂಥ ಕಷ್ಟ!

ಇದನ್ನೆಲ್ಲ ಮೊದಲು ಗಮನಿಸುವವರು ಕೋರ್ಟಿನ ಸಿಬ್ಬಂದಿ. ಜಡ್ಜ್ ಯಾವ ಗೇಟಿನಿಂದ ಹೋಗುತ್ತಾರೆ ಅಂತ ಯಾರೋ ಎರಡೆರಡು ಸಲ ಕೇಳಿದ್ದು ಗುಮಾಸ್ತರ ಕಿವಿಗೆ ಬೀಳುತ್ತದೆ. ಏಟು ಬೀಳುವುದೂ ಅವರಿಗೇ. 2005ರಲ್ಲಿ ಅಟ್ಲಾಂಟಾದ ಕೋರ್ಟಿನಲ್ಲಿ ಆರೋಪಿಯೊಬ್ಬ ಬಂದೂಕು ಕಸಿದುಕೊಂಡ. ಅವನು ಕೊಂದದ್ದು ನ್ಯಾಯಾಧೀಶರನ್ನು ಮಾತ್ರ ಅಲ್ಲ, ಪಕ್ಕದಲ್ಲೇ ಕಲಾಪ ದಾಖಲಿಸುತ್ತಿದ್ದ ಮಹಿಳೆಯನ್ನೂ ಕೊಂದ. ಹೊರಗೆ ಅಟ್ಟಿಸಿಕೊಂಡು ಬಂದ ಕಾವಲು ಅಧಿಕಾರಿಯೂ ಸತ್ತರು.

ಡೇನಿಯಲ್ ಹೆಸರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಕಾನೂನು ಬಂತು. ನ್ಯಾಯಾಧೀಶರು ತಮ್ಮ ಮನೆ ವಿಳಾಸವನ್ನು ಇಂಟರ್ನೆಟ್‌ನಿಂದ ತೆಗೆಸಬಹುದು. ಆದರೆ ಅದು ಫೆಡರಲ್ ನ್ಯಾಯಾಧೀಶರಿಗೆ, ಅವರ ಮನೆಯವರಿಗೆ ಮಾತ್ರ. ಗುಮಾಸ್ತರು, ಸ್ಟೆನೊ, ಸಮನ್ಸ್ ಹಿಡಿದು ಹೋಗುವ ಅಮೀನ ಅದರಲ್ಲಿಲ್ಲ. ಮನೆ ಖಾಲಿ ಮಾಡಿಸುವ ಆದೇಶ ಹಿಡಿದು, ಸಿಟ್ಟಾದವರ ಬಾಗಿಲನ್ನು ದಿನವೂ ತಟ್ಟುವವರು ಈ ಅಮೀನರು, ಎಷ್ಟೋ ಸಲ ಒಬ್ಬರೇ.