ಕನ್ನಡಕದ ನಂಬರ್ ಸರಿ ಇದೆ, ಕಣ್ಣು ಸರಿ ಇದೆಯಾ?

[ದೃಶ್ಯ: ಮಂಡ್ಯದ ವಿ.ವಿ. ರಸ್ತೆ, ಬೆಳಗ್ಗೆ. ಕನ್ನಡಕದ ಅಂಗಡಿಯಲ್ಲಿ ಮೆಷಿನ್ ಮೇಲೆ ಗಲ್ಲ ಇಟ್ಟು ಕೂತ ಒಬ್ಬರು]

ನಿರೂಪಕಿ: ನಮಸ್ಕಾರ. 40 ದಾಟಿದ ಯಾರನ್ನಾದರೂ ಕೇಳಿ ನೋಡಿ, "ಕಣ್ಣು ಚೆಕ್ ಮಾಡಿಸಿದ್ರಾ?" ಅಂತ. "ಹೂಂ, ಹೋದ ವರ್ಷ ತಾನೆ ಕನ್ನಡಕ ಬದಲಾಯಿಸಿದೆ" ಎನ್ನುತ್ತಾರೆ. ನಾವು ಕೇಳಿದ್ದು ಕಣ್ಣಿನ ವಿಷಯ, ಬಂದ ಉತ್ತರ ಕನ್ನಡಕದ್ದು.

ಅಂಗಡಿಯ ಆ ಮೆಷಿನ್ ನಿಮಗೂ ಗೊತ್ತು. ಒಳಗೆ ಉದ್ದನೆಯ ರಸ್ತೆ, ಅದರ ತುದಿಯಲ್ಲಿ ಒಂದು ದೊಡ್ಡ ಬಲೂನು. ಮೊದಲು ಮಸುಕು, ಆಮೇಲೆ ಸ್ಪಷ್ಟ. ಟಕ್ ಅಂತ ಒಂದು ಚೀಟಿ ಹೊರಗೆ ಬರುತ್ತದೆ. ಆಮೇಲೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ. 6/6 ಅಂದರೆ 6 ಮೀಟರ್ ದೂರದಿಂದ ಎಷ್ಟು ಕಾಣಬೇಕೋ ಅಷ್ಟು ಕಾಣುತ್ತಿದೆ ಎಂದರ್ಥ. 6/60 ಅಂದರೆ ಬೇರೆಯವರು 60 ಮೀಟರ್ ದೂರದಿಂದಲೇ ಓದುವ ಅಕ್ಷರವನ್ನು ಓದಲು ನೀವು 6 ಮೀಟರ್ ದೂರದಷ್ಟು ಹತ್ತಿರಕ್ಕೆ ಬರಬೇಕು.

ಈ ಪರೀಕ್ಷೆ ಬೇಕು, ಬೇಡ ಅಂತಲ್ಲ. ಆದರೆ ಇದು ಹೇಳುವುದು ನೇರ ಎದುರಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದನ್ನು ಮಾತ್ರ. ಕಣ್ಣಿನ ಹಿಂಭಾಗದಲ್ಲಿ ಏನಾಗುತ್ತಿದೆ ಅನ್ನುವುದು ಆ ಚೀಟಿಯಲ್ಲಿ ಇರುವುದಿಲ್ಲ.

[ಚಿತ್ರ: ಕಣ್ಣಿನ ಒಳಭಾಗ. ನೀರು ಹರಿಯುವ ದಾರಿ, ಹಿಂದೆ ಕಣ್ಣಿನ ನರ]

ಗ್ಲಾಕೋಮಾವನ್ನೇ ತೆಗೆದುಕೊಳ್ಳಿ. ಕಣ್ಣಿನೊಳಗೆ ಸದಾ ಒಂದು ನೀರು ಉತ್ಪತ್ತಿಯಾಗಿ ಹರಿದುಹೋಗುತ್ತಿರುತ್ತದೆ. ಇದು ಕಣ್ಣೀರಲ್ಲ, ಬೇರೆ. ನಾಲೆಯಿಂದ ಗದ್ದೆಗೆ ನೀರು ಬರುತ್ತಲೇ ಇದೆ, ಹೊರಗೆ ಹೋಗುವ ದಾರಿ ಮಾತ್ರ ಕಟ್ಟಿಕೊಂಡಿದೆ ಅಂದುಕೊಳ್ಳಿ. ಒಳಗೆ ಒತ್ತಡ ಏರುತ್ತದೆ, ನರ ನಿಧಾನವಾಗಿ ಸಾಯುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿ.ಮೀ. ಪಾದರಸದ ಒಳಗೆ ಇರಬೇಕು. ಒತ್ತಡ ಅಷ್ಟರೊಳಗೇ ಇದ್ದರೂ ನರ ಹಾಳಾಗುವವರು ಇದ್ದಾರೆ. ಅದಕ್ಕೇ ಪ್ರೆಶರ್ ನೋಡಿದರೆ ಸಾಲದು, ನರವನ್ನೂ ನೋಡಬೇಕು.

ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ಗೋಡೆಯ ಅಕ್ಷರವನ್ನು ಕೊನೆಯ ಸಾಲಿನವರೆಗೆ ಓದುವವರೇ, ಸರ್ಕಲ್‌ನಲ್ಲಿ ಪಕ್ಕದಿಂದ ಬಂದ ಬೈಕ್ ಕಾಣದೆ ಗಾಬರಿಯಾಗುತ್ತಾರೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ಸರಿದೂಗಿಸುವುದರಿಂದ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ. ಚಿಕಿತ್ಸೆ ಉಳಿದಿದ್ದನ್ನು ಕಾಪಾಡಲು ಅಷ್ಟೇ. ಅಪ್ಪ, ಅಮ್ಮ, ಅಣ್ಣ, ತಂಗಿ, ಮನೆಯಲ್ಲಿ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಈ ಮಾತನ್ನು ಡಾಕ್ಟರ್ ಕೇಳುವ ಮುಂಚೆ ನೀವೇ ಹೇಳಿ.

[ದೃಶ್ಯ: ಕಿತ್ತಳೆ ಬಣ್ಣದ ರೆಟಿನಾ ಫೋಟೋ, ಅಲ್ಲಲ್ಲಿ ಕೆಂಪು ಚುಕ್ಕೆ]

ಈಗ ಶುಗರ್ ಇರುವವರು ಸ್ವಲ್ಪ ಹತ್ತಿರ ಬನ್ನಿ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗೆ ಇಣುಕುವ ಸಾಧನವನ್ನು ಜಗತ್ತಿಗೆ ತಿಳಿಸಿದರು. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ. ಶುಗರ್ ಹಾಳುಮಾಡುವುದು ಇಂಥ ಸಣ್ಣ ನಾಳಗಳನ್ನೇ. ಅವು ಉಬ್ಬುತ್ತವೆ, ಸೋರುತ್ತವೆ. ರಕ್ತ ಒಸರಿದ ಈ ಚುಕ್ಕೆಗಳು ಕಾಣುವ ಹಂತದಲ್ಲೂ ರೋಗಿಗೆ ಎಲ್ಲವೂ ಸರಿಯಾಗೇ ಕಾಣುತ್ತಿರಬಹುದು. ಲೇಸರ್, ಇಂಜೆಕ್ಷನ್ ಎಲ್ಲ ಚೆನ್ನಾಗಿ ಕೆಲಸ ಮಾಡುವುದು ಬೇಗ ಹಿಡಿದಾಗ. ದೊಡ್ಡವರಿಗೆ ಬರುವ ಮಾಮೂಲಿ ಶುಗರ್ ಆದರೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಪರೀಕ್ಷೆ ಮಾಡಿಸಬೇಕು.

ಡ್ರಾಪ್ಸ್! ನಮ್ಮ ಜನ ತಪ್ಪಿಸಿಕೊಳ್ಳುವುದು ಇಲ್ಲೇ.

[ದೃಶ್ಯ: ಆಸ್ಪತ್ರೆಯ ಬೆಂಚು. ಕಣ್ಣು ಮುಚ್ಚಿ ಸಾಲಾಗಿ ಕೂತ ಜನ]

"ಸಿಸ್ಟರ್, ಡ್ರಾಪ್ಸ್ ಬ್ಯಾಡ, ಹಂಗೇ ನೋಡ್ಬುಡಕ್ಕೆ ಹೇಳಿ. ಬಸ್ಸಿಗೆ ಹೊತ್ತಾಯ್ತು."
"ಹಂಗೆ ನೋಡಿದ್ರೆ ಪೂರ್ತಿ ಕಾಣಲ್ಲ ಅಜ್ಜಿ. ಕಣ್ ಮುಚ್ಕೊಂಡು ಕೂತ್ಕೊಳಿ."

ಸಿಸ್ಟರ್ ಹೇಳಿದ್ದೇ ಸರಿ. ಕಣ್ಣಿನ ಪಾಪೆ ಬೆಳಕು ಬಿದ್ದ ಕೂಡಲೇ ಕಿರಿದಾಗುತ್ತದೆ. ಡಾಕ್ಟರ್ ಬೆಳಕು ಬಿಟ್ಟೇ ನೋಡಬೇಕು, ಬಿಟ್ಟರೆ ಪಾಪೆ ಮುದುಡುತ್ತದೆ. ಡ್ರಾಪ್ಸ್ ಅದನ್ನು ಅಗಲವಾಗಿ ಹಿಡಿದಿಡುತ್ತದೆ. ಮೊದಲ ಹನಿ ಬಿದ್ದಾಗ ಚುರ್ ಎನ್ನುತ್ತದೆ. ಅರ್ಧ ಗಂಟೆ ಹತ್ತಿರ ಕಾಯಬೇಕು, ಪಾಪೆ ಸಾಕಷ್ಟು ಅಗಲವಾಗದಿದ್ದರೆ ಮತ್ತೆ ಹಾಕುತ್ತಾರೆ. ಫೋನ್ ತೆಗೆದರೆ ಅಕ್ಷರ ಕಲಸಿಹೋಗಿರುತ್ತದೆ. ಹೊರಗೆ ಬಂದರೆ ಬಿಸಿಲು ಕಣ್ಣು ಬಿಡಲು ಕೊಡುವುದಿಲ್ಲ. ಸಾಮಾನ್ಯವಾಗಿ 4ರಿಂದ 6 ಗಂಟೆಯಲ್ಲಿ ಸರಿಹೋಗುತ್ತದೆ. ಕೆಲವರ ಕಣ್ಣಿನಲ್ಲಿ ನೀರು ಹರಿಯುವ ದಾರಿ ತುಂಬಾ ಇಕ್ಕಟ್ಟು. ಅಂಥವರಿಗೆ ಹನಿಯಿಂದ ಕಣ್ಣಿನ ಪ್ರೆಶರ್ ಏರಬಹುದು. ಅದಕ್ಕೇ ಡಾಕ್ಟರ್ ಮೊದಲೇ ನೋಡಿಕೊಂಡು ಹಾಕುತ್ತಾರೆ.

ಊರಿನ ಶಾಲೆಯಲ್ಲಿ ನಡೆಯುವ ಕಣ್ಣಿನ ಶಿಬಿರ? ಖಂಡಿತ ಹೋಗಿ. ಪೊರೆ ಬಂದಿರುವ ಎಷ್ಟೋ ಜನ ಅಲ್ಲಿಂದಲೇ ಆಪರೇಷನ್‌ಗೆ ಹೋಗುತ್ತಾರೆ. ಆದರೆ ಅಲ್ಲಿ ಟಾರ್ಚ್ ಬಿಟ್ಟು "ಪೊರೆ ಇಲ್ಲ" ಅಂದರೆ "ಏನೂ ಇಲ್ಲ" ಅಂತ ಅಲ್ಲ.

ಕಬ್ಬು ಕಡಿಯುವವರಿಗೆ ಒಂದು ಮಾತು, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ. ಸೋಗೆ ಕಣ್ಣಿಗೆ ಗೀರಿದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಯಾವುದೋ ಡ್ರಾಪ್ಸ್ ಕೇಳಿ ಹಾಕಿಕೊಳ್ಳಬೇಡಿ. ಎಲೆ, ಹೊಟ್ಟು ತಾಗಿದ ಗಾಯದಲ್ಲಿ ಫಂಗಸ್ ಬೆಳೆಯಬಹುದು. ಸ್ಟಿರಾಯ್ಡ್ ಇರುವ ಹನಿ ಅದನ್ನು ಇನ್ನೂ ಕೆಡಿಸುತ್ತದೆ. ಉರಿ ಕಡಿಮೆಯಾಯಿತು ಅಂತ ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಪೊರೆ, ಗ್ಲಾಕೋಮಾ ಎರಡೂ ಬರಬಹುದು. ಗೀರಿದ ದಿನವೇ ಡಾಕ್ಟರ್‌ಗೆ ತೋರಿಸಿ.

[ಪರದೆ ಮೇಲೆ: ಯಾರು, ಯಾವಾಗ?]

40ಕ್ಕೆ ಒಂದು ಸಲ ಪೂರ್ತಿ ಪರೀಕ್ಷೆ. ಆಮೇಲೆ ಡಾಕ್ಟರ್ ಹೇಳಿದಷ್ಟು ದಿನಕ್ಕೆ. 65 ದಾಟಿದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಮಕ್ಕಳಿಗೆ ಶಾಲೆಗೆ ಸೇರಿಸುವ ಮುಂಚೆಯೇ ಒಮ್ಮೆ, ಯಾಕೆಂದರೆ ಒಂದು ಕಣ್ಣು ಮಂದವಾಗಿದ್ದರೆ ಮಗುವಿಗೆ ಹೇಳಲು ಬರುವುದಿಲ್ಲ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಕಣ್ಣಿನ ವಿಭಾಗ ಇದೆ.

ಹೋಗುವ ದಿನ ಬೈಕ್ ನೀವು ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ. ಹಳೇ ಕನ್ನಡಕ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಬಿಸಿಲಿಗೆ ಒಂದು ಟೋಪಿ ಇಟ್ಟುಕೊಳ್ಳಿ. ಎದ್ದು ಬರುವ ಮುಂಚೆ ಮೂರು ಪ್ರಶ್ನೆ ಕೇಳಿ: ಕಣ್ಣಿನ ಪ್ರೆಶರ್ ಎಷ್ಟಿದೆ, ನರ ಮತ್ತು ರೆಟಿನಾ ಹೇಗಿದೆ, ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಡಾಕ್ಟರ್ ಸಿಕ್ಕರೂ ಹೋಲಿಸಿ ನೋಡಲು ಅವರಿಗೆ ಅದೇ ಬೇಕಾಗುತ್ತದೆ.